ಬೆಕ್ಕಿಗೆ ಬಾಗಿಲು ಹಾಕುವುದು ಬಂಧವೇ, ದಯೆಯೇ?

ಕಳೆದ ದಶಲಕ್ಷಣ ಪರ್ವದ ಉತ್ತಮ ಸಂಯಮದ ದಿನ ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಘಟನೆಯೇ ಈ ಲೇಖನಕ್ಕೆ ಕಾರಣ. ಬಸದಿಯಿಂದ ಪೂಜೆ ಮುಗಿಸಿ ಬಂದ ನೆಂಟರಿಗೆ ನಾನು ಬಾಗಿಲು ತೆರೆದ ಕ್ಷಣದಲ್ಲಿ ಮನೆಯ ಬೆಕ್ಕು ಕಾಲುಗಳ ನಡುವೆ ನುಸುಳಿ ಹೊರಕ್ಕೋಡಿತು. ಅರ್ಧ ಗಂಟೆಯ ಮೇಲೆ ಹಿಂದಿರುಗಿದಾಗ ಅದರ ಬಾಯಲ್ಲಿ ಅಳಿಲಿನ ಮರಿಯೊಂದಿತ್ತು. ಬಿಡಿಸಿದೆವು. ಣಮೋಕಾರ ಮಂತ್ರವನ್ನು ಹೇಳುತ್ತಿರುವಾಗಲೇ ಆ ಜೀವ ಹೋಯಿತು. ಎಂಟು ವರ್ಷದ ಮೊಮ್ಮಗಳು ಕೇಳಿದಳು: "ತಾತ, ಈ ಪಾಪ ಯಾರದು? ಬೆಕ್ಕಿನದೋ, ಬಾಗಿಲು ತೆಗೆದ ನಿಮ್ಮದೋ?" ನನಗೆ ಆಗ ಉತ್ತರ ಹೊಳೆಯಲಿಲ್ಲ.

ಆ ಬೆಕ್ಕನ್ನು ನಾವು ಬಯಸಿ ತಂದದ್ದಲ್ಲ. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಕಡೆಗಳಲ್ಲಿಯೂ ನಮ್ಮಲ್ಲಿಯೂ ಬೇಡವಾದ ಮರಿಗಳನ್ನು ಚೀಲಕ್ಕೆ ಹಾಕಿ ನಾಲೆಯ ಆಚೆಗೋ ಕಬ್ಬಿನ ಗದ್ದೆಯ ಬದುವಿಗೋ ಬಿಟ್ಟು ಬರುವವರುಂಟು. ಹಾಗೆ ಬಿಟ್ಟ ಮರಿಯೊಂದು ಮಳೆಯಲ್ಲಿ ನೆನೆದು ನಮ್ಮ ಜಗುಲಿಗೆ ಬಂದಿತು. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಕಾಯಿದೆಗಿಂತ ಮೊದಲೇ ನಮ್ಮ ಧರ್ಮವು ಅದನ್ನು ನಿರ್ದಯೆಯೆಂದು ಹೇಳಿದೆ. ಆದುದರಿಂದ ಆ ಮರಿಯನ್ನು ಹೊರದೂಡಲು ಮನಸ್ಸು ಒಪ್ಪಲಿಲ್ಲ.

ಆದರೆ ಒಳಗೆ ಕರೆದುಕೊಂಡ ಮೇಲೆ ಧರ್ಮಸಂಕಟ ಮುಗಿಯಲಿಲ್ಲ, ಆರಂಭವಾಯಿತು. ಸ್ವಾಮಿ ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸಕ ಪ್ರಾಣಿಗಳನ್ನು ಸಾಕುವುದನ್ನು ಆಯುಧಗಳ ಮಾರಾಟದೊಡನೆ ಒಂದೇ ಸಾಲಿನಲ್ಲಿ ಅನರ್ಥದಂಡವೆಂದು ಎಣಿಸಿದೆ. ಇದರ ಅಭಿಪ್ರಾಯ ಸ್ಪಷ್ಟವಾಗಿದೆ. ಕತ್ತಿಯನ್ನು ಕೊಟ್ಟವನು ಇರಿತದಲ್ಲಿ ಪಾಲುಗಾರನಾಗುವಂತೆ, ಬೆಕ್ಕನ್ನು ಪೋಷಿಸಿ ಬೀದಿಗೆ ಬಿಡುವವನು ಅದರ ಬೇಟೆಯಲ್ಲಿ ಪಾಲುಗಾರನಾಗುತ್ತಾನೆ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಕರ್ಮಾಸ್ರವವಾಗುವುದೆಂಬುದನ್ನು ನಾವು ಬಾಲ್ಯದಿಂದ ಕೇಳಿದ್ದೇವೆ.

ಹಾಗಾದರೆ ಬಾಗಿಲು ಮುಚ್ಚೋಣ ಎನ್ನಬಹುದು. ಇಲ್ಲಿ ಇನ್ನೊಂದು ತೊಡಕಿದೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ, ಜೀವಿಯು ತನಗಿಷ್ಟವಾದ ಸ್ಥಳಕ್ಕೆ ಹೋಗದಂತೆ ತಡೆಯುವುದೇ ಬಂಧವೆಂದು ವಿವರಿಸಿದ್ದಾರೆ. ಹೊಸ್ತಿಲಿನ ಬಳಿ ಕಾದು ಕುಳಿತ ಬೆಕ್ಕನ್ನು ತಡೆಯುವ ನಮ್ಮ ಕೈ ಮಾಡುತ್ತಿರುವುದು ಅಕ್ಷರಶಃ ಇದನ್ನೇ ಅಲ್ಲವೇ?

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಹಸು ಮೊದಲಾದ ಪಶುಗಳ ವಿಷಯದಲ್ಲಿ ಒಂದು ಕ್ರಮವನ್ನು ತೋರಿಸಿದ್ದಾರೆ. ಪಶುಗಳಿಂದ ಜೀವಿಕೆ ನಡೆಸುವುದನ್ನೇ ಬಿಡುವುದು ಉತ್ತಮ. ಸಾಕಿದರೆ ಕಟ್ಟದೆ ಸಾಕುವುದು ಮಧ್ಯಮ. ಕಟ್ಟಲೇಬೇಕಾದರೆ ನಿರ್ದಯೆಯಿಂದ ಕಟ್ಟದಿರುವುದು ಕೊನೆಯದು. ಈ ಕ್ರಮವನ್ನು ಬೆಕ್ಕಿಗೆ ಅನ್ವಯಿಸುವಾಗ ಒಂದು ಭೇದವನ್ನು ಗಮನಿಸಬೇಕು. ಬಿಟ್ಟ ಹಸು ಹುಲ್ಲು ಮೇಯುತ್ತದೆ, ಬಿಟ್ಟ ಬೆಕ್ಕು ಪ್ರಾಣ ತೆಗೆಯುತ್ತದೆ. ಹಸುವನ್ನು ಕಟ್ಟುವುದು ನಮ್ಮ ಲಾಭಕ್ಕಾಗಿ, ಬೆಕ್ಕನ್ನು ತಡೆಯುವುದು ಮೂರನೆಯ ಜೀವವೊಂದರ ರಕ್ಷಣೆಗಾಗಿ. ಆದುದರಿಂದ ಹಸುವಿಗೆ ಮಧ್ಯಮವಾದ ಮಾರ್ಗವು ಬೆಕ್ಕಿಗೆ ಸಲ್ಲದು. ಬೆಕ್ಕಿನ ವಿಷಯದಲ್ಲಿ ಉಳಿಯುವವು ಎರಡೇ: ಸಾಕದಿರುವುದು, ಇಲ್ಲವೇ ದಯೆಯಿಂದ ತಡೆದು ಸಾಕುವುದು.

ಹೊಟ್ಟೆ ತುಂಬಿಸಿದರೆ ಬೇಟೆಯಾಡದು ಎಂದು ಹಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಇದು ನಿಜವಲ್ಲ, ಉಂಡ ಬೆಕ್ಕೂ ಬೇಟೆಯಾಡುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಅಮೆರಿಕದಲ್ಲಿ ಹೊರಗೆ ತಿರುಗಾಡುವ ಬೆಕ್ಕುಗಳಿಂದ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಪಕ್ಷಿಗಳು ಸಾಯುತ್ತವೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವುಗಳಲ್ಲಿ ಹೆಚ್ಚಿನವು ಯಾರೂ ಸಾಕದ ಬೆಕ್ಕುಗಳಿಗೆ ಬಲಿಯಾದವು, ಎಂದರೆ ಚೀಲದಲ್ಲಿ ಬಿಟ್ಟು ಬಂದಂಥವುಗಳಿಗೆ ಮತ್ತು ಅವುಗಳ ಸಂತಾನಕ್ಕೆ. ನಮ್ಮ ರಂಗನತಿಟ್ಟನ್ನು ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ಅಲ್ಲಿನ ನಡುಗಡ್ಡೆಯ ಗೂಡುಗಳಿಗೆ ಕಾವೇರಿಯ ನೀರೇ ಕಾವಲು. ನಮ್ಮ ಹಿತ್ತಲಿನ ಗುಬ್ಬಿ, ಪಿಕಳಾರ, ಅಳಿಲುಗಳಿಗೆ ಕಾವಲು ಯಾರು? ನಾವು ಹಾಕುವ ಅಗುಳಿಯೊಂದೇ.

ತಡೆಯುವುದಾದರೆ ದಯೆಯಿಂದ ತಡೆಯಬೇಕು. ಹಿಂದಿನ ತೊಟ್ಟಿಮನೆಗಳಲ್ಲಿ ಆಕಾಶವೇ ಬಾಗಿಲಾಗಿದ್ದುದರಿಂದ ಇದು ಸಾಧ್ಯವಿರಲಿಲ್ಲ; ಇಂದಿನ ತಾರಸಿ ಮನೆಗಳಲ್ಲಿ ಸಾಧ್ಯ. ಹಜಾರದ ಬಾಗಿಲು ಮುಚ್ಚಿದ ಮೇಲೆಯೇ ಬೀದಿಬಾಗಿಲು ತೆರೆಯುವ ಅಭ್ಯಾಸ, ಕಿಟಕಿಗಳಿಗೆ ಗಟ್ಟಿಯಾದ ಜಾಲರಿ, ಹೊರಗೆ ನೋಡುತ್ತ ಕುಳಿತುಕೊಳ್ಳಲು ಕಿಟಕಿಯ ಬಳಿ ಎತ್ತರದ ಹಲಗೆ, ಬೇಟೆಯ ಚಪಲ ಹೆಚ್ಚುವ ಮುಂಜಾನೆ ಮುಸ್ಸಂಜೆಗಳಲ್ಲಿ ದಾರದ ಆಟ. ಹೊಸ್ತಿಲಿನಲ್ಲಿ ಕಾಲಿನಿಂದ ನೂಕುವುದಾಗಲಿ ಹೊಡೆಯುವುದಾಗಲಿ ಕೂಡದು. ಪಂಜರ, ಹಗ್ಗಗಳು ಬೇಡ. ಮನೆಯೇ ಅದಕ್ಕೆ ಲೋಕವಾಗುವುದಾದರೆ ಆ ಲೋಕವನ್ನು ಸಹ್ಯವಾಗಿಸುವುದು ನಮ್ಮ ಹೊಣೆ.

ಇಷ್ಟು ಮಾಡಿದರೂ ನಾವು ನಿರ್ದೋಷಿಗಳೆಂದು ಹೇಳಿಕೊಳ್ಳುವಂತಿಲ್ಲ. ಸಂತಾನಹರಣ ಚಿಕಿತ್ಸೆಯನ್ನು ಮಾಡಿಸಿದೆವು. ಅದರಲ್ಲಿ ಛೇದದ ಅಂಶವಿದೆ, ಆದರೆ ಮಾಡಿಸದಿದ್ದರೆ ಮತ್ತಷ್ಟು ಮರಿಗಳು ಚೀಲ ಸೇರುತ್ತವೆ. ಹಾಲು ಅನ್ನಗಳಿಂದಲೇ ಬೆಕ್ಕು ಬದುಕಲಾರದು. ಟಾರೀನ್ ಎಂಬ ಪೋಷಕಾಂಶವಿಲ್ಲದಿದ್ದರೆ ಅದರ ಕಣ್ಣು ಕುರುಡಾಗುತ್ತದೆ, ಹೃದಯ ದುರ್ಬಲವಾಗುತ್ತದೆ. ಅದನ್ನು ಕೊಡದಿರುವುದು ಅನ್ನಪಾನನಿರೋಧ. ಪಶುವೈದ್ಯರು ಹೇಳಿದ ಸಿದ್ಧ ಆಹಾರವನ್ನು ಹಾಕುತ್ತಿದ್ದೇವೆ. ಅದರಲ್ಲಿ ಮೀನಿನ ಅಂಶವಿದೆ. ಇದನ್ನು ವಾಚಕರಿಂದ ಮುಚ್ಚಿಡಲಾರೆ. ಅಗುಳಿ ಹಾಕಿದ್ದರಿಂದ ಅಳಿಲು ಉಳಿಯಿತು, ಎಲ್ಲೋ ಮೀನು ಸತ್ತಿತು. ಪ್ರತಿದಿನದ ಪ್ರತಿಕ್ರಮಣದಲ್ಲಿ ಇದನ್ನು ನೆನೆಯುತ್ತೇನೆ. ಕಾರ್ತಿಕೇಯಾನುಪ್ರೇಕ್ಷೆಯ ಎಚ್ಚರಿಕೆಯ ಆಳ ನನಗೆ ತಿಳಿದದ್ದು ಇಲ್ಲಿಯೇ. ಆಶ್ರಯ ಕೇಳಿ ಬಂದ ಜೀವವನ್ನು ತ್ಯಜಿಸಬಾರದು; ಆದರೆ ಅಂದಕ್ಕಾಗಿ, ವಿನೋದಕ್ಕಾಗಿ ಬೆಕ್ಕನ್ನು ಕೊಂಡು ತರಬಾರದು. ನಮ್ಮ ಮನೆಗೆ ನಾವಾಗಿ ಇನ್ನೊಂದು ಬೆಕ್ಕನ್ನು ತರುವುದಿಲ್ಲ.

ಬಸದಿಗಳ ಟ್ರಸ್ಟಿನವರಲ್ಲಿಯೂ ಒಂದು ವಿನಂತಿ. ಉಗ್ರಾಣದ ಇಲಿಗಳಿಗಾಗಿ ಬೆಕ್ಕನ್ನು ತಂದು ಬಿಡುವುದು ಕಾರಿತ ಹಿಂಸೆಯೇ ಹೊರತು ಬೇರೆಯಲ್ಲ. ಅಕ್ಕಿ ಬೇಳೆಗಳನ್ನು ಮುಚ್ಚಳವಿರುವ ಡಬ್ಬಗಳಲ್ಲಿಟ್ಟು, ಬಾಗಿಲ ಕೆಳಗಿನ ಸಂದುಗಳನ್ನು ಮುಚ್ಚಿ, ಪ್ರಸಾದದ ಉಳಿಕೆಯನ್ನು ಅಂದಂದೇ ತೆಗೆದರೆ ಇಲಿಯೂ ಬಾರದು, ಬೆಕ್ಕೂ ಬೇಕಾಗದು.

ಮೊಮ್ಮಗಳಿಗೆ ಕೊನೆಗೆ ಹೀಗೆ ಹೇಳಿದೆ: "ಬೆಕ್ಕಿನ ಲೆಕ್ಕ ಬೆಕ್ಕಿಗೆ ಸೇರಿದ್ದು, ಅದನ್ನು ನಾವು ಎಣಿಸುವುದು ಬೇಡ ಮಗು. ಹಿಂದಿನ ಭವದಲ್ಲಿ ಸಿಂಹವಾಗಿದ್ದ ಜೀವವೇ ಮುನಿಗಳ ಉಪದೇಶ ಕೇಳಿ ವ್ರತ ಹಿಡಿದು ಮುಂದೆ ಮಹಾವೀರ ಸ್ವಾಮಿಯಾಯಿತು. ಆದರೆ ಅಂದು ಎಚ್ಚರ ತಪ್ಪಿ ಬಾಗಿಲು ತೆರೆದವನು ನಾನು. ಪ್ರಮಾದ ನನ್ನದು, ಆದ್ದರಿಂದ ಪಾಪವೂ ನನ್ನದು."

ಅಂದಿನಿಂದ ಅವಳು ಬೀದಿಬಾಗಿಲು ತೆರೆಯುವ ಮೊದಲು ಹಜಾರದ ಬಾಗಿಲನ್ನು ಹಿಂತಿರುಗಿ ನೋಡುತ್ತಾಳೆ. ಸಂಯಮವೆಂದರೆ ಏನೆಂದು ನಾನು ಅವಳಿಗೆ ಬೇರೆಯಾಗಿ ಬೋಧಿಸಬೇಕಾಗಿಲ್ಲ.