ಇಲಿಗಿಟ್ಟ ಎಡೆ

ಆಶ್ವೀಜ ಮಾಸದ ಹುಣ್ಣಿಮೆಯನ್ನು ಮಲೆನಾಡಿನ ರೈತರು ಭೂಮಿಹುಣ್ಣಿಮೆಯೆಂದು ಆಚರಿಸುತ್ತಾರೆ. ಭತ್ತದ ಪೈರು ಆಗ ಹೊಡೆ ತುಂಬಿ ನಿಂತಿರುತ್ತದೆ. ಭೂಮಿಯು ಗರ್ಭಿಣಿ, ಆಕೆಯ ಬಯಕೆಯನ್ನು ತೀರಿಸಬೇಕೆಂಬುದು ಅವರ ಭಾವನೆ. ಸಾಗರ ಸೀಮೆಯಲ್ಲಿ ಅಡಿಕೆ ವ್ಯಾಪಾರ ಮಾಡಿಕೊಂಡಿದ್ದ ನಾನು 1994ರ ಶರದೃತುವಿನಲ್ಲಿ ಸಣ್ಣ ಹಿಡುವಳಿಯ ಒಂದು ಕುಟುಂಬದಲ್ಲಿ ಈ ಹಬ್ಬವನ್ನು ಕಂಡೆನು. ಆಗ ಹುಟ್ಟಿದ ಪ್ರಶ್ನೆಯೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ.

ಅವರದು ಎರಡು ಎಕರೆ ಗದ್ದೆ, ಮನೆಯ ಹಿಂದೆ ಅರ್ಧ ಎಕರೆ ತೋಟ, ಕೊಟ್ಟಿಗೆಯಲ್ಲಿ ನಾಲ್ಕು ಜಾನುವಾರು. ಮಳೆ ಹಿಂದೆ ಸರಿದ ಆ ದಿನಗಳಲ್ಲಿ ಮನೆಯ ಯಾರಿಗೂ ಬಿಡುವಿರಲಿಲ್ಲ. ಹಗಲು ಅಂಗಳದ ಹುಲ್ಲು ಕೆತ್ತಿ ಅಡಿಕೆ ಒಣಗಿಸಲು ಚಪ್ಪರ ಕಟ್ಟುವರು. ಇರುಳು ಮೆಟ್ಟುಗತ್ತಿಯ ಮುಂದೆ ಕುಳಿತು ಮೊದಲ ಕೊಯ್ಲಿನ ಹಸಿ ಅಡಿಕೆ ಸುಲಿಯುವರು. ಇದರ ನಡುವೆಯೇ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆದಿದ್ದರು. ರಾತ್ರಿಯೆಲ್ಲ ಅಡಿಗೆ ನಡೆಯಿತು. ಬೆಳಕು ಹರಿಯುವ ಹೊತ್ತಿಗೆ ಯಜಮಾನನು ಬುಟ್ಟಿಯನ್ನು ಹೊತ್ತು ಗದ್ದೆಗೆ ನಡೆದನು. ಪೈರಿಗೆ ಪೂಜೆಯಾದ ಮೇಲೆ ಒಂದು ಪಾಲನ್ನು ಮಣ್ಣಿನಲ್ಲಿ ಹೂಳಿದರು. ಒಂದು ಪಾಲು ಕಾಗೆಗೆ, ಇನ್ನೊಂದು ಇಲಿಗೆ.

"ಇಲಿಗೂ ಏಕೆ?" ಎಂದು ಕೇಳಿದೆ.

"ಅದೂ ಈ ಗದ್ದೇಲೇ ಹುಟ್ಟಿದ್ದಲ್ವಾ ಸಾವ್ಕಾರ್ರೇ" ಎಂದರು ಮನೆಯ ಹಿರಿಯಾಕೆ.

ಅಡಿಗೆಯಲ್ಲಿ ಗೆಡ್ಡೆಗಳಿದ್ದುದರಿಂದ ನಾನು ಅವರೊಡನೆ ಊಟ ಮಾಡಲಿಲ್ಲ. ಅಂದು ನನಗೆ ಅದೇ ದೊಡ್ಡ ನಿಯಮಪಾಲನೆಯೆಂದು ತೋರಿತ್ತು.

ಐದಾರು ದಿನ ಕಳೆದು ಮತ್ತೆ ಹೋದಾಗ, ಅದೇ ಬದುವಿನ ಮೇಲೆ ಮಗನು ಇಲಿಗಳಿಗಾಗಿ ಅಕ್ಕಿನುಚ್ಚು ಇಡುತ್ತಿದ್ದನು. ಗದ್ದೆಯ ಇಲಿಗಳು ಪೈರನ್ನು ಬುಡದಲ್ಲಿಯೇ ಕತ್ತರಿಸುತ್ತವೆ, ಬಲಿತ ತೆನೆಯನ್ನು ಬಿಲಕ್ಕೆ ಸಾಗಿಸುತ್ತವೆ. ಎರಡು ಎಕರೆಯವನಿಗೆ ಅದು ಅಲ್ಪ ನಷ್ಟವಲ್ಲ. ಜಿಂಕ್ ಫಾಸ್ಫೈಡ್ ಎಂಬ ವಿಷವನ್ನು ಬಳಸುವ ಕ್ರಮವನ್ನು ಅವನೇ ವಿವರಿಸಿದನು. ಇಲಿಯು ಬಲು ಸಂಶಯದ ಪ್ರಾಣಿ. ಹೊಸ ಆಹಾರವನ್ನು ತುಸುವೇ ರುಚಿ ನೋಡುತ್ತದೆ. ಬಾಧೆಯಾದರೆ ಮತ್ತೆ ಮುಟ್ಟದು. ಆದಕಾರಣ ಮೊದಲ ಎರಡು ಮೂರು ದಿನ ಎಣ್ಣೆ ಸವರಿದ, ವಿಷವಿಲ್ಲದ ನುಚ್ಚನ್ನೇ ಇಡಬೇಕು. ನಂಬಿಕೆ ಕುದುರಿದ ಮೇಲೆ 96 ಪಾಲು ನುಚ್ಚು, 2 ಪಾಲು ಎಣ್ಣೆ, 2 ಪಾಲು ವಿಷ.

ಉಳುವವನಿಗೆ ಹಿಂಸೆಯು ಪೂರ್ಣವಾಗಿ ತಪ್ಪದೆಂಬುದನ್ನು ಬಲ್ಲ ನಮ್ಮ ಶಾಸ್ತ್ರಕಾರರು ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳನ್ನು ಸಂಕಲ್ಪಿ ಹಿಂಸೆಯಿಂದ ಬೇರ್ಪಡಿಸಿದ್ದಾರೆ. ಬೆಳೆಯನ್ನು ಕಾಯುವವನು ತನ್ನದು ವಿರೋಧಿ ಹಿಂಸೆಯೆಂದರೆ, ಅಂಗಡಿಯಲ್ಲಿ ಕುಳಿತು ಅಕ್ಕಿ ಉಣ್ಣುವ ನಾನು ವಾದಿಸಲಾರೆ. ನನ್ನನ್ನು ಕಾಡಿದ್ದು ನಾಲ್ಕನೆಯ ದಿನವಲ್ಲ, ಮೊದಲಿನ ಮೂರು ದಿನಗಳು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾವ್ರತದ ಅತಿಚಾರಗಳಲ್ಲಿ ಅನ್ನಪಾನ ನಿರೋಧವನ್ನು ಎಣಿಸುತ್ತದೆ. ಇಲ್ಲಿ ಅನ್ನವನ್ನು ತಡೆದಿಲ್ಲ, ಕೊಟ್ಟಿದೆ! ಹೊರಗಿನಿಂದ ನೋಡಿದರೆ ದಾನ, ಒಳಗೆ ಮಾಯಾಕಷಾಯ. ಹಿರಿಯಾಕೆಯೂ ಬೆಳೆಯ ಆಸೆಯಿಂದಲೇ ಎಡೆಯಿಟ್ಟರಲ್ಲವೇ ಎಂದು ಕೇಳಬಹುದು. ಆಸೆ ಇದ್ದಿರಬಹುದು. ಆದರೆ ಆ ಆಸೆ ಈಡೇರಲು ಇಲಿಯು ಮೋಸಹೋಗಬೇಕಾಗಿರಲಿಲ್ಲ.

ಬಿಲ ಅಗೆದು ಹಿಡಿಯುವುದು ಇದಕ್ಕಿಂತ ಮೇಲಲ್ಲವೇ ಎಂದು ಆ ಹುಡುಗನಿಗೆ ಉಪದೇಶಿಸಿದೆ. ಅವನು ನಕ್ಕು ಸುಮ್ಮನಾದನು.

ಅಷ್ಟಕ್ಕೂ ನಾನು ಆ ಮನೆಗೆ ಹೋದುದು ಏತಕ್ಕೆ? ದೀಪಾವಳಿಯ ಖರ್ಚಿಗೆಂದು ಮುಂಗಡ ಕೊಡಲು. ಅದು ಮೂರನೆಯ ವರ್ಷ. ಮೊದಲೆರಡು ವರ್ಷ ಬಡ್ಡಿಯಿಲ್ಲದೆ ಕೊಟ್ಟು, ಅಡಿಕೆಯನ್ನು ಆ ದಿನದ ಧಾರಣೆಗೇ ಕೊಂಡಿದ್ದೆ. ಜೊತೆಗೆ ಒಂದು ಪೊಟ್ಟಣ ಮಿಠಾಯಿ. ಮೂರನೆಯ ವರ್ಷ ಮುಂಗಡದೊಡನೆ ದರವನ್ನೂ ಮೊದಲೇ ಗೊತ್ತುಮಾಡಿದೆ. ಧಾರಣೆ ಏರುವುದೆಂಬ ಸೂಚನೆ ನನಗಿತ್ತು, ಅವರಿಗಿರಲಿಲ್ಲ. ಏರಿತು. ಅವರು ಒಂದು ಮಾತೂ ಆಡದೆ ಒಪ್ಪಿದ ದರಕ್ಕೆ ಮಾಲು ತಂದು ಮಂಡಿಯಲ್ಲಿ ಇಳಿಸಿದರು. ನಾನು ಕಾಲೇಜಿನಲ್ಲಿ ಓದಿದ ವಾಣಿಜ್ಯಶಾಸ್ತ್ರದಲ್ಲಿ ಇದಕ್ಕೆ ಕರಾರು ಎಂದು ಹೆಸರು, ಅದರಲ್ಲಿ ದೋಷವಿಲ್ಲ.

ನುಚ್ಚಿನ ಆ ಮೂರು ದಿನಗಳು ನನ್ನ ಖಾತೆಪುಸ್ತಕದ ಮೂರು ವರ್ಷಗಳಂತೆ ಕಂಡದ್ದು ಬಹಳ ತಡವಾಗಿ. ಮರುವರ್ಷ ವ್ಯತ್ಯಾಸದ ಹಣವನ್ನು ತೆಗೆದುಕೊಂಡು ಹೋದೆ. ಯಜಮಾನನು "ಮಾತು ಅಂದ್ರೆ ಮಾತು ಸಾವ್ಕಾರ್ರೇ" ಎಂದು ಕೈಚಾಚಲಿಲ್ಲ. ಆ ಮೊತ್ತವು ನನ್ನ ಪುಸ್ತಕದಲ್ಲಿ ಅವರ ಹೆಸರಿನಲ್ಲಿ ಇಂದಿಗೂ ಜಮೆಯಾಗಿಯೇ ಉಳಿದಿದೆ.