ಹೊರೆ ದಾಟುವ ಜಾಗ

ಒಂದು ಚೀಲ ತೊಗರಿ ನಮ್ಮ ಹೊಲದಿಂದ ಹೊರಟು ದೂರದ ಪಟ್ಟಣದ ಅಂಗಡಿ ಸೇರುವತನಕ ಎಷ್ಟು ಕಿಲೋಮೀಟರ್ ಹೋಗುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಎಷ್ಟು ರೂಪಾಯಿ ತಿನ್ನುತ್ತದೆ ಎಂಬ ಲೆಕ್ಕ ಯೋಜನೆ ಬರೆಯುವವರ ಹತ್ತಿರ ಇದೆ. ಅದು ಎಷ್ಟು ಬೆನ್ನು ದಾಟುತ್ತದೆ ಎಂಬ ಲೆಕ್ಕ ಯಾರ ಹತ್ತಿರ ಇದೆ? ಕೇಳಿದರೆ, "ಅದೆಲ್ಲ ಕೂಲಿಯೊಳಗ ಬಂತಲ್ರಿ" ಅಂತಾರೆ. ಕೂಲಿಯೊಳಗೆ ಬರುವುದು ಬೆನ್ನಿನ ಬಾಡಿಗೆ ಮಾತ್ರ. ಬೆನ್ನಿನ ಯಜಮಾನ ಯಾರು, ಅವನ ಮಾತಿಗೆ ಜಾಗ ಎಲ್ಲಿ, ಅನ್ನೋದು ನಮ್ಮ ಪ್ರಶ್ನೆ.

ಹುಮನಾಬಾದಿನ ಸರ್ಕಲ್ಲಿಗೆ ಬಂದು ನಿಂತು ನೋಡಿ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ, ಹಿಂದೆ 9ನೇ ನಂಬರಿನದು, ಈಗ 65, ಇಲ್ಲಿ ಹಾಯುತ್ತದೆ. ನಾಂದೇಡಿನಿಂದ ಬೀದರ್, ಕಲಬುರಗಿ ಮೇಲೆ ಚಿತ್ರದುರ್ಗಕ್ಕೆ ಇಳಿಯುವ 50ನೇ ನಂಬರಿನ ಹೆದ್ದಾರಿಯೂ ಇಲ್ಲೇ ಬಂದು ಕೂಡುತ್ತದೆ. ಇವೆರಡರ ಜೊತೆಗೆ 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ನಡುವಿನ 110 ಕಿ.ಮೀ. ಹಳಿ ಉದ್ಘಾಟನೆಯಾಯಿತು. 1990ರ ದಶಕದಲ್ಲಿ ಮಂಜೂರಾದ ಹಳಿ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಬಸವಕಲ್ಯಾಣಕ್ಕೆ ಇಂದಿಗೂ ಹಳಿ ಇಲ್ಲ. ಅದು ಲಾರಿಗಳ ಊರು. ಸಸ್ತಾಪುರ ಬಂಗ್ಲಾದ ಹತ್ತಿರದ ಆಟೊ ನಗರದಲ್ಲಿ ಲಾರಿಗೆ ಬಾಡಿ ಕಟ್ಟುವವರು, ವೆಲ್ಡಿಂಗಿನವರು, ಟೈರಿನವರು, ಬಣ್ಣ ಬಳಿಯುವವರು ಹೆದ್ದಾರಿಯ ಉಸಿರಿನ ಮೇಲೆ ಹೊಟ್ಟೆ ಹೊರೆಯುತ್ತಾರೆ.

ಈಗ ದಿಲ್ಲಿಯಿಂದ ಹೊಸ ಮಾತು ಬಂದಿದೆ. 2021ರ ಅಕ್ಟೋಬರಿನಲ್ಲಿ ಗತಿಶಕ್ತಿ ಯೋಜನೆ, 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ. ರೈಲಿನ ರಾಷ್ಟ್ರೀಯ ಯೋಜನೆ 2030ರ ಹೊತ್ತಿಗೆ ದೇಶದ ಸರಕು ಸಾಗಣೆಯಲ್ಲಿ ನೂರಕ್ಕೆ 45 ಪಾಲನ್ನು ಹಳಿಗೆ ತರುವ ಗುರಿ ಇಟ್ಟುಕೊಂಡಿದೆ. ಹೊಲದಿಂದ ಲಾರಿ, ಲಾರಿಯಿಂದ ರೈಲು, ರೈಲಿನಿಂದ ಮತ್ತೆ ಲಾರಿ. ನಡುವೆ ಹೊರೆ ದಾಟುವ ಅಂಗಳ, ಗೋದಾಮು, ಯಂತ್ರ. ಈ ಯೋಚನೆಯಲ್ಲಿ ನ್ಯಾಯ ಇಲ್ಲ ಅಂತ ನಾವು ಹೇಳುವುದಿಲ್ಲ. ಅಷ್ಟೇ ಭಾರವನ್ನು ಹಳಿಯ ಮೇಲೆ ಎಳೆಯಲು ಎಣ್ಣೆ ಕಡಿಮೆ ಸಾಕು, ಹೊಗೆಯೂ ಕಡಿಮೆ. ಬಾಡಿಗೆ ಇಳಿದು ಆ ದುಡ್ಡು ರೈತನ ಕೈಗೆ ಬಂದರೆ ಒಳ್ಳೆಯದೇ. ಹಳಿ ಬೇಕು ಅಂತ ಕೂಗಿದವರಲ್ಲಿ ನಾವೂ ಇದ್ದೇವೆ.

ಆದರೆ ಒಂದು ಲೆಕ್ಕ ಹಾಕಿ, ಗೆಳೆಯರೆ. ಮುಚ್ಚಿದ ಡಬ್ಬಿಗಳ ಒಂದು ಪೂರ್ತಿ ಗೂಡ್ಸ್ ಗಾಡಿ ಸುಮಾರು 2,600 ಟನ್ ಹೊರುತ್ತದೆ. 50 ಕೆ.ಜಿ. ಚೀಲದ ಲೆಕ್ಕದಲ್ಲಿ 52 ಸಾವಿರ ಚೀಲ. ಗೊತ್ತುಮಾಡಿದ ಗಂಟೆಯೊಳಗೆ ಇಳಿಸದಿದ್ದರೆ ಡೆಮರೇಜ್ ದಂಡ. ದಂಡ ಬೀಳುವುದು ಮಾಲಿನವನಿಗೆ, ಓಡುವುದು ಹಮಾಲ. ಡಬ್ಬಿಗೆ ಎಷ್ಟು ಟನ್ ತುಂಬಬೇಕು ಅಂತ ರೈಲ್ವೆ ಬರೆದಿಟ್ಟಿದೆ. ಲಾರಿಯ ಅಚ್ಚಿಗೆ ಎಷ್ಟು ಭಾರ ಅಂತ ಸರಕಾರ ಬರೆದಿಟ್ಟಿದೆ, ಮೀರಿದರೆ ಚೆಕ್ ಪೋಸ್ಟಿನಲ್ಲಿ ಹಿಡಿಯುತ್ತಾರೆ. ದಿನವೊಂದಕ್ಕೆ ಒಂದು ಬೆನ್ನಿಗೆ ಎಷ್ಟು ಚೀಲ? ಆ ಬೆನ್ನಿಗೆ ಚೆಕ್ ಪೋಸ್ಟ್ ಯಾವುದು?

ಈ ಭಾಗದ ಮೊಟ್ಟಮೊದಲ ಸಾಗಣೆ ಯೋಜನೆ ನಮ್ಮ ಕೇರಿಯ ತಲೆಯ ಮೇಲೆ ನಡೆಯಿತು. ನಿಜಾಮರ ಕಾಲದ ಬಿಟ್ಟಿ ಬೇಗಾರಿಯನ್ನು ನೆನೆಯಿರಿ. ಸಾಹೇಬ ಊರಿಗೆ ಬಂದರೆ ಅವನ ಗಂಟುಮೂಟೆ ಮುಂದಿನ ಊರಿನ ಗಡಿತನಕ ಹೊರಬೇಕಾದವರು ಹೊಲೆಮಾದಿಗರು. ಸತ್ತ ದನ ಹೊರಬೇಕಾದವರು ಅವರೇ. ಸಾವಿನ ಸುದ್ದಿ ಹೊತ್ತು ರಾತ್ರಿಯಲ್ಲಿ ಓಡಬೇಕಾದವರೂ ಅವರೇ. ಹೊರೆ ಊರೂರು ದಾಟಿತು, ಹೊತ್ತವನು ಮಾತ್ರ ಊರ ಹೊರಗೇ ಉಳಿದ. ವಸ್ತು ಮೈಲಿಗೆಯಾಗದೆ ಎಲ್ಲ ಕಡೆ ಹೋಗಬಹುದು, ಮನುಷ್ಯ ಹೋಗುವಂತಿಲ್ಲ. ಇದಕ್ಕಿಂತ ದೊಡ್ಡ ತತ್ವಜಿಜ್ಞಾಸೆ ಯಾವ ಮಠದಲ್ಲಿ ನಡೆಯುತ್ತದೆ?

ಬಾಬಾಸಾಹೇಬರು ತಮ್ಮ ನೆನಪುಗಳಲ್ಲಿ 1901ರ ಒಂದು ಪ್ರಯಾಣದ ಬಗ್ಗೆ ಬರೆದಿದ್ದಾರೆ. ಸತಾರದಿಂದ ತಂದೆಯನ್ನು ಕಾಣಲು ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ರೈಲು ಅವರನ್ನು ಯಾವ ಜಾತಿ ಅಂತ ಕೇಳಿರಲಿಲ್ಲ; ಟಿಕೇಟು ಇತ್ತು, ಕೂತು ಬಂದರು. ಮುಂದಕ್ಕೆ ಬಂಡಿ ಬೇಕಾಯಿತು. ಮಹಾರರು ಅಂತ ಗೊತ್ತಾದ ಕೂಡಲೇ ಬಂಡಿಯವರು ಒಲ್ಲೆ ಅಂದರು. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಷರತ್ತು ಏನೆಂದರೆ ಬಂಡಿ ಹೊಡೆಯುವುದು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ದಾರಿಯ ಸುಂಕದ ಕಟ್ಟೆಯಲ್ಲಿ ಕುಡಿಯಲು ನೀರೂ ಸಿಗಲಿಲ್ಲ.

ಸಾಗಣೆಯ ಯೋಜನೆ ಮಾಡುವವರು ಮೊದಲು ಓದಬೇಕಾದ ಪಾಠ ಇದು. ಹಳಿ ನೇರವಾಗಿರುತ್ತದೆ, ರಸ್ತೆ ನುಣ್ಣಗಿರುತ್ತದೆ. ಒಂದು ಗಾಡಿಯಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಸಮಾಜ ಕಾಯುತ್ತಾ ನಿಂತಿರುತ್ತದೆ. ಹೊಸ ಯಂತ್ರ ತಾನಾಗಿ ಹಳೆಯ ಸಮಾಜವನ್ನು ಮುರಿಯುವುದಿಲ್ಲ. ಯಂತ್ರ ಎಲ್ಲಿ ನಿಲ್ಲುತ್ತದೋ ಅಲ್ಲಿ ಹಳೆಯ ಸಮಾಜ ಮತ್ತೆ ಶುರುವಾಗುತ್ತದೆ.

ಹಂಗಾದ್ರೆ ಯಂತ್ರ ಬೇಡವೆ? ಇಲ್ಲಿ ನಮ್ಮೊಳಗೇ ಜಗಳ ಇದೆ. ಕೆಲವರು ಅಂತಾರೆ: "ಕ್ರೇನು, ಕಂಟೇನರು ಬಂದ್ರ ಹಮಾಲರ ಹೊಟ್ಟಿ ಮ್ಯಾಲ ಬರೆ. ಯಂತ್ರ ತಡೀಬೇಕು." ಇನ್ನು ಕೆಲವರು ಅಂತಾರೆ: "ಮನುಷ್ಯ ಚೀಲ ಹೊರೋದೇ ಅವಮಾನ, ನಾಳೆನೇ ಯಂತ್ರ ಬರಲಿ." ಮೊದಲಿನವರು ಹಸಿವನ್ನು ನೋಡುತ್ತಾರೆ, ಎರಡನೆಯವರು ಮಾನವನ್ನು ನೋಡುತ್ತಾರೆ. ಬಡವನಿಗೆ ಹಸಿವು, ಮಾನ ಎರಡರಲ್ಲಿ ಒಂದನ್ನು ಆರಿಸಿಕೋ ಅನ್ನುವುದೇ ಈ ವ್ಯವಸ್ಥೆಯ ಹುನ್ನಾರ.

ಅಂಬೇಡ್ಕರರು 1945ರಲ್ಲಿ ಗಾಂಧಿವಾದವನ್ನು ವಿಮರ್ಶಿಸುತ್ತಾ ಯಂತ್ರದ ಪರವಾಗಿಯೇ ನಿಂತರು. ಪಶುವಿನಂತೆ ದುಡಿಯುವುದರಿಂದ ಬಿಡುಗಡೆಯಾಗದೆ ಮನುಷ್ಯನಿಗೆ ಬಿಡುವಿಲ್ಲ, ಬಿಡುವಿಲ್ಲದೆ ಬುದ್ಧಿಯ ಬದುಕಿಲ್ಲ ಎಂಬುದು ಅವರ ನಿಲುವು. ಕೇಡು ಯಂತ್ರದ್ದಲ್ಲ, ಅದರ ಫಲವನ್ನು ಕೆಲವರ ಸ್ವತ್ತು ಮಾಡಿದ ಸಮಾಜದ ಕಟ್ಟಳೆಯದ್ದು. ನಾವು ಇಲ್ಲಿಂದಲೇ ಮುಂದೆ ಯೋಚಿಸಬೇಕು. ಯಂತ್ರ ಬೆನ್ನಿನ ಮೇಲಿನ ಚೀಲ ಎತ್ತಲಿ, ತಟ್ಟೆಯ ಮೇಲಿನ ರೊಟ್ಟಿ ಎತ್ತಬಾರದು. ಬೆನ್ನು ಸವೆಸಿ ಆ ಅಂಗಳ ಬೆಳೆಸಿದವನ ಮಗನಿಗೇ ಮೊದಲು ಕ್ರೇನಿನ ಸೀಟು, ಗೋದಾಮಿನ ಲೆಕ್ಕದ ಪುಸ್ತಕ ಸಿಗಬೇಕು. ಹಾಗೆಯೇ ಲಾರಿ ಕಡಿಮೆಯಾದರೆ ಆಟೊ ನಗರದ ಮಿಸ್ತ್ರಿಯ ಗತಿಯೇನು ಎಂಬುದಕ್ಕೂ ಯೋಜನೆಯಲ್ಲೇ ಉತ್ತರ ಇರಬೇಕು.

ಇದು ಕನಸು ಅನ್ನುವವರು ಹುಮನಾಬಾದಿನ ಮುಂದೆ ಹಾಯುವ ಅದೇ ಹೆದ್ದಾರಿ ಹಿಡಿದು ಪುಣೆಗೆ ಹೋಗಲಿ. ಅಲ್ಲಿ 1950ರ ದಶಕದಲ್ಲಿ ಬಾಬಾ ಆಢಾವರು ಹಮಾಲ್ ಪಂಚಾಯತ್ ಕಟ್ಟಿದರು. ಹೋರಾಟಗಳ ಒತ್ತಡದಿಂದ 1969ರಲ್ಲಿ ಮಹಾರಾಷ್ಟ್ರ ಮಾಥಾಡಿ ಕಾಯ್ದೆ ಮಾಡಿತು. ಕೂಲಿಯನ್ನು ಮಂಡಳಿಯ ಮೂಲಕ ಕೊಡುವುದು, ಭವಿಷ್ಯ ನಿಧಿ, ರಜೆ, ಇವೆಲ್ಲ ಹೊರೆ ಹೊರುವವನಿಗೂ ಹಕ್ಕಾಗಿ ಬಂದವು. ಇದೇ ಬಾಬಾ ಆಢಾವರು 1970ರ ದಶಕದಲ್ಲಿ ಊರಿಗೆಲ್ಲ ಒಂದೇ ನೀರಿನ ತಾಣ ಇರಬೇಕೆಂದು ಚಳವಳಿ ನಡೆಸಿದರು. ಬೆನ್ನಿನ ಪ್ರಶ್ನೆಯೂ ಬಾವಿಯ ಪ್ರಶ್ನೆಯೂ ಒಂದೇ ಎಂದು ಅವರಿಗೆ ತಿಳಿದಿತ್ತು.

ನಾವೇನು ಕಡಿಮೆ? ನಮ್ಮದು ಕಲ್ಯಾಣದ ನೆಲ. ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಕೂತು ಮಾತಾಡಿದವರು ಯಾರು? ಹೊಳೆ ದಾಟಿಸುವ ಅಂಬಿಗರ ಚೌಡಯ್ಯ, ಸುಂಕದ ಕಟ್ಟೆಯ ಬಂಕಣ್ಣ. ಇಬ್ಬರೂ ಸಾಗಣೆಯ ಮಂದಿಯೇ. ಜೊತೆಗೆ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹರಳಯ್ಯರ ಹೆಸರು. ಕಾಯಕ ಮಾಡಿದವನಿಗೆ ಮಾತಿನ ಹಕ್ಕಿದೆ ಎಂಬುದೇ ಕಲ್ಯಾಣದ ಕ್ರಾಂತಿ. ಮಾತಿನ ಹಕ್ಕನ್ನು ಕಿತ್ತು ಕಾಯಕವನ್ನಷ್ಟೇ ಉಳಿಸಿದರೆ ಅದರ ಹೆಸರು ಬಿಟ್ಟಿ.

ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತಂದವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ತಿರುಗಿ ಸುರಿದು ಬಾ ಎಂದು ಕಳಿಸಿದಳು. ಇಂದು ಗಂಜಿನಲ್ಲಿ ಲಾರಿಯ ಕೆಳಗೆ ಉದುರಿದ ತೊಗರಿಕಾಳನ್ನು ಕಸಬರಿಗೆಯಿಂದ ಬಳಿದುಕೊಳ್ಳುವ ನಮ್ಮ ಅವ್ವಂದಿರನ್ನು ಕಳ್ಳರೆಂದು ಬೈದು ಅಟ್ಟುತ್ತಾರೆ. ಚೆಲ್ಲಿದ ಕಾಳು ಯೋಜನೆಯ ಕಾಗದದಲ್ಲಿ 'ನಷ್ಟ'. ಹೆಚ್ಚು ತಂದದ್ದನ್ನು ತಿರುಗಿ ಸುರಿ ಅಂತ ಹೇಳಬೇಕಾದದ್ದು ಇವತ್ತು ಯಾರಿಗೆ? ಕಾಳು ಬಳಿಯುವವಳಿಗೋ, ತೂಕದಲ್ಲಿ, ಬಾಡಿಗೆಯಲ್ಲಿ, ದಲಾಲಿಯಲ್ಲಿ ಬಳಿಯುವವನಿಗೋ?

ಆದ್ದರಿಂದ ನಮ್ಮ ಬೇಡಿಕೆ ಸರಳ. ಬೀದರ್ ಜಿಲ್ಲೆಯ ಸರಕು ಸಾಗಣೆಯ ಯೋಜನೆ ಎಲ್ಲಿ ಬರೆಯಲಿ, ಬೀದರಿನಲ್ಲಿ, ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ, ಆ ಮೇಜಿನ ಸುತ್ತ ಹಮಾಲ, ಡ್ರೈವರ್, ಕ್ಲೀನರ್, ಮಿಸ್ತ್ರಿ, ಕಾಳು ಬಳಿಯುವ ಹೆಣ್ಣುಮಗಳು ಕೂರಬೇಕು. ಅಂಗಳಕ್ಕೆ ಭೂಮಿ ಹೋಗುವವನು ಕೂರಬೇಕು. ನೆರಳು, ನೀರು, ಶೌಚಾಲಯ, ಅಪಘಾತದ ಪರಿಹಾರ, ಇವು ಕ್ರೇನಿಗಿಂತ ಮೊದಲು ನಕ್ಷೆಯಲ್ಲಿ ಬರಬೇಕು. ಊರಿನ ಶಾಲೆಯ ಮೇಷ್ಟರು ಮಕ್ಕಳಿಗೆ ಟನ್, ಕ್ವಿಂಟಾಲಿನ ಲೆಕ್ಕ ಕಲಿಸುವಾಗ ಈ ಲೆಕ್ಕವನ್ನೂ ಕಲಿಸಲಿ: 52 ಸಾವಿರ ಚೀಲ, ನೂರು ಜನ, ಒಬ್ಬೊಬ್ಬನ ಬೆನ್ನಿಗೆ 520. ಒಬ್ಬನ ಮೇಲೆ ಒಟ್ಟು 26 ಟನ್. ಉತ್ತರ ಬರೆದ ಮೇಲೆ ಹುಡುಗರು ಪ್ರಶ್ನೆ ಕೇಳದೆ ಸುಮ್ಮನೆ ಕೂರುವುದಿಲ್ಲ.