ಕರೆಯುವ ಹೆಸರು, ದಾಖಲೆಯ ಹೆಸರು

ಲಿನಸ್ ಟೊರ್ವಾಲ್ಡ್ಸ್ ತನ್ನ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಇಡಬೇಕೆಂದುಕೊಂಡಿದ್ದ ಹೆಸರು ಫ್ರೀಯಾಕ್ಸ್. 1991ರ ಸೆಪ್ಟೆಂಬರ್‌ನಲ್ಲಿ ಅದರ ಮೊದಲ ಆವೃತ್ತಿಯನ್ನು ಫಿನ್ಲೆಂಡಿನ ಒಂದು ಎಫ್‌ಟಿಪಿ ಸರ್ವರ್‌ಗೆ ಏರಿಸುವಾಗ, ಅದನ್ನು ನೋಡಿಕೊಳ್ಳುತ್ತಿದ್ದ ಆರಿ ಲೆಮ್ಕೆಗೆ ಈ ಹೆಸರು ರುಚಿಸಲಿಲ್ಲ. ಯಾರನ್ನೂ ಕೇಳದೆ ಡೈರೆಕ್ಟರಿಗೆ ‘ಲಿನಕ್ಸ್’ ಎಂದು ಹೆಸರು ಕೊಟ್ಟುಬಿಟ್ಟ. ಟೊರ್ವಾಲ್ಡ್ಸ್‌ಗೂ ಆ ಹೆಸರು ಹೊಳೆದಿತ್ತು. ತನ್ನನ್ನೇ ಮೆರೆಸಿಕೊಂಡಂತಾಗುತ್ತದೆ ಎಂಬ ಸಂಕೋಚಕ್ಕೆ ಬಿಟ್ಟಿದ್ದ. ಮೂವತ್ತು ವರ್ಷ ದಾಟಿಯೂ ತೀರದ ಒಂದು ಹೆಸರಿನ ಜಗಳ ಹುಟ್ಟಿದ್ದು ಇಂಥ ಆಕಸ್ಮಿಕದಲ್ಲಿ.

ಆದರೆ ಜಗಳದ ಬೇರು ಅದಕ್ಕೂ ಹಿಂದಿನದು. 1983ರ ಸೆಪ್ಟೆಂಬರ್‌ನಲ್ಲಿ ರಿಚರ್ಡ್ ಸ್ಟಾಲ್ಮನ್ ‘ಗ್ನು’ ಯೋಜನೆಯನ್ನು ಸಾರಿದಾಗ ಆತ ಮಾತುಕೊಟ್ಟದ್ದು ಒಂದು ಕರ್ನಲ್ ಅಲ್ಲ, ಒಂದು ಇಡೀ ವ್ಯವಸ್ಥೆ. ಎಡಿಟರ್, ಷೆಲ್, ಸಿ ಕಂಪೈಲರ್ ಎಲ್ಲ ಸೇರಿ ಯೂನಿಕ್ಸ್‌ನ ಜಾಗದಲ್ಲಿ ನಿಲ್ಲಬಲ್ಲದ್ದು. ಬಳಸಲು, ತಿದ್ದಲು, ಹಂಚಲು ಯಾರ ಅಪ್ಪಣೆಯೂ ಬೇಡದ್ದು. ಎಂಟು ವರ್ಷಗಳಲ್ಲಿ ಅದರ ಬಹುಪಾಲು ತಯಾರಾಗಿತ್ತು. ಉಳಿದದ್ದು ಕರ್ನಲ್. ಗ್ನುವಿನವರು 1990ರಲ್ಲಿ ಹರ್ಡ್ ಎಂಬುದನ್ನು ಶುರುಮಾಡಿದರು. ಅದು ಇವತ್ತಿಗೂ ದಿನಬಳಕೆಯ ಮಟ್ಟಕ್ಕೆ ಬಂದಿಲ್ಲ. ಅತ್ತ ಹೆಲ್ಸಿಂಕಿಯ ವಿದ್ಯಾರ್ಥಿ ಟೊರ್ವಾಲ್ಡ್ಸ್ ತನ್ನ ಕರ್ನಲ್ಲನ್ನು ಗ್ನುವಿನ ಕಂಪೈಲರ್‌ನಲ್ಲೇ ಕಟ್ಟಿದ, ಅದರ ಮೇಲೆ ಮೊದಲು ಓಡಿಸಿದ ತಂತ್ರಾಂಶಗಳಲ್ಲಿ ಗ್ನುವಿನ ಬ್ಯಾಷ್ ಒಂದು. 1992ರಲ್ಲಿ ಗ್ನುವಿನ ಜಿಪಿಎಲ್ ಪರವಾನಗಿಯನ್ನೂ ಒಪ್ಪಿಕೊಂಡ. ಎರಡೂ ಕೂಡಿ ವ್ಯವಸ್ಥೆ ಪೂರ್ತಿಯಾಯಿತು. ಜನ ಕರೆದದ್ದು ಮಾತ್ರ ಕೊನೆಗೆ ಬಂದದ್ದರ ಹೆಸರಿನಿಂದ.

ಸ್ಟಾಲ್ಮನ್‌ಗೆ ಇದು ನೋವಾಯಿತು. 1996ರಲ್ಲಿ ‘ಲಿಗ್ನಕ್ಸ್’ ಎಂಬ ಕಸಿ ಹೆಸರನ್ನು ತೇಲಿಬಿಟ್ಟ. ಅದು ನಗೆಪಾಟಲಾದ ಮೇಲೆ ‘ಗ್ನು/ಲಿನಕ್ಸ್’ ಎನ್ನಿ ಎಂದು ಹಟಹಿಡಿದ. ಸಭೆಗಳಲ್ಲಿ ಎದುರಿಗಿದ್ದವರನ್ನು ತಿದ್ದುವ ಆತನ ರೀತಿ ಅನೇಕರಿಗೆ ಕಿರಿಕಿರಿ, ನನಗೂ ಸ್ವಲ್ಪ. ಎದುರು ವಾದವೂ ಪೊಳ್ಳಲ್ಲ. ಕಿಟಕಿಗಳನ್ನು ತೋರಿಸುವ ಎಕ್ಸ್ ಎಂಐಟಿಯಿಂದ ಬಂತು, ಪುಟ ಜೋಡಿಸುವ ಟೆಕ್ ಕಂಪ್ಯೂಟರ್ ವಿಜ್ಞಾನಿ ಕ್ನೂತ್ ಅವರದು. ಋಣ ಇರುವವರನ್ನೆಲ್ಲ ಹೆಸರಿಗೆ ಸೇರಿಸುತ್ತ ಹೋದರೆ ಅದು ಹೆಸರಾಗಿ ಉಳಿಯುವುದೆಲ್ಲಿ? ಇದಕ್ಕೆ ಸ್ಟಾಲ್ಮನ್ ಕೊಡುವ ಉತ್ತರವನ್ನು ಬಹಳ ಜನ ಕಿವಿಗೊಟ್ಟು ಕೇಳಿಲ್ಲ. ಉಳಿದವರು ಒಂದೊಂದು ಒಳ್ಳೆಯ ತಂತ್ರಾಂಶ ಬರೆದರು. ಇಡೀ ವ್ಯವಸ್ಥೆಯೊಂದು ಬೇಕೆಂದು ಹೊರಟು, ಇಲ್ಲದ್ದನ್ನು ಬರೆದು, ಇದ್ದದ್ದನ್ನು ಆಯ್ದುಕೊಂಡದ್ದು ಗ್ನು. ಎಕ್ಸ್, ಟೆಕ್ ಎರಡನ್ನೂ ಅದು ತನ್ನ ಯೋಜನೆಯೊಳಗೆ ತಂದುಕೊಂಡದ್ದು ಹಾಗೆಯೇ. ಆತ ಕೇಳುತ್ತಿರುವುದು ದುಡಿದದ್ದರ ಲೆಕ್ಕವಲ್ಲ, ಯಾಕಾಗಿ ದುಡಿದೆವು ಎಂಬುದರ ನೆನಪು.

ನಮ್ಮ ಮನೆಗಳಲ್ಲಿ ಶಾಲೆಯ ದಾಖಲೆಗೆ ಒಂದು ಹೆಸರು, ಕರೆಯುವುದಕ್ಕೆ ಇನ್ನೊಂದು ಹೆಸರು ಇರುತ್ತದಲ್ಲ, ಇಲ್ಲಿಯೂ ಹಾಗೇ ಆಗಿದೆ. ಬೀದಿಯಲ್ಲಿ ಅದು ಲಿನಕ್ಸ್. ಉದ್ದ ಹೆಸರನ್ನು ಬೀದಿ ಎಂದೂ ಒಪ್ಪುವುದಿಲ್ಲ, ಅದಕ್ಕೆ ಸಿಟ್ಟಾಗಿ ಪ್ರಯೋಜನವಿಲ್ಲ. ಆದರೆ ಗೊಂದಲ ಹೆಸರಿನದಷ್ಟೇ ಅಲ್ಲ. ಆಪರೇಟಿಂಗ್ ಸಿಸ್ಟಮ್ ಅಂದರೆ ಏನು ಎಂಬುದರಲ್ಲೇ ಎರಡು ಪಕ್ಷ. ಕಾಲೇಜಿನ ಪಠ್ಯಕ್ಕೆ ಅದು ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಹಂಚಿಕೊಡುವ ಕರ್ನಲ್. ಕೂತು ಕೆಲಸ ಮಾಡುವವನಿಗೆ ಅದು ತೆರೆಯ ಮೇಲೆ ತಾನು ಮುಟ್ಟುವುದೆಲ್ಲ. ಮೊದಲ ಅರ್ಥ ಹಿಡಿದರೆ ಟೊರ್ವಾಲ್ಡ್ಸ್ ಸರಿ, ಎರಡನೆಯದಾದರೆ ಸ್ಟಾಲ್ಮನ್ ಸರಿ. ಇಬ್ಬರೂ ಬೇರೆ ಬೇರೆ ವಸ್ತುವನ್ನು ತೋರಿಸಿ ಒಂದೇ ಹೆಸರಿಗೆ ಕಚ್ಚಾಡಿದ್ದಾರೆ.

ಆಂಡ್ರಾಯ್ಡ್ ಬಂದ ಮೇಲೆ ಇದು ಕೇವಲ ತರ್ಕವಾಗಿ ಉಳಿಯಲಿಲ್ಲ. ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಲಿನಕ್ಸ್ ಕರ್ನಲ್ ಇದೆ, ಗ್ನುವಿನ ಸಿ ಲೈಬ್ರರಿ ಇಲ್ಲ. ಅದರ ಬದಲು ಬಯಾನಿಕ್ ಇದೆ. ಆ ಫೋನನ್ನು ಸಾಮಾನ್ಯವಾಗಿ ಯಾರೂ ಲಿನಕ್ಸ್ ಎನ್ನುವುದೂ ಇಲ್ಲ. ಬಳಸುವವನಿಗೆ ತನ್ನ ಯಂತ್ರದ ಮೇಲೆ ಇರಬೇಕೆಂದು ಗ್ನು ಬಯಸಿದ ಹಿಡಿತವೂ ಬಹುತೇಕ ಫೋನುಗಳಲ್ಲಿ ಇಲ್ಲ. ‘ಗ್ನು’ ಎಂಬ ಸಣ್ಣ ಪದ ಬರೀ ಗೌರವಕ್ಕಲ್ಲ, ಗುರುತಿಗೂ ಬೇಕು ಎಂದು ನನಗೆ ಅನ್ನಿಸಿದ್ದು ಈ ಫೋನನ್ನು ಕಂಡೇ.

ಹೆಸರಿಗಿಂತ ಗಟ್ಟಿಯಾದ ದಾರಿ ಹಿಡಿದವರು ಡೆಬಿಯನ್‌ನವರು. ಇಯಾನ್ ಮರ್ಡಾಕ್ 1993ರಲ್ಲಿ ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಸೇರಿಸಿ ಶುರುಮಾಡಿದ, ಕರ್ನಲ್ಲನ್ನೂ ತಂತ್ರಾಂಶಗಳನ್ನೂ ಜೋಡಿಸಿ ಹಂಚುವ ಯೋಜನೆ ಅದು. ಅವರು ಗ್ನು/ಲಿನಕ್ಸ್ ಎಂದೇ ಬರೆದುಕೊಂಡರು, ಅಲ್ಲಿಗೇ ನಿಲ್ಲಲಿಲ್ಲ. ಸ್ವತಂತ್ರ ತಂತ್ರಾಂಶ ಎಂದರೆ ನಮ್ಮಲ್ಲಿ ಇಂತಿಂಥದು ಎಂದು 1997ರಲ್ಲಿ ಒಂದು ಸಾಮಾಜಿಕ ಒಪ್ಪಂದವನ್ನೂ ನಿಯಮಗಳನ್ನೂ ಬರೆದಿಟ್ಟರು. ಮಾರನೆಯ ವರ್ಷ ಓಪನ್ ಸೋರ್ಸ್‌ನ ವ್ಯಾಖ್ಯೆ ಹುಟ್ಟಿದ್ದು ಆ ನಿಯಮಗಳಿಂದಲೇ. ಹೆಸರನ್ನು ಯಾರು ಬೇಕಾದರೂ ಹಚ್ಚಿಕೊಳ್ಳಬಹುದು. ಬರೆದಿಟ್ಟ ವ್ಯಾಖ್ಯೆಯನ್ನು ಮುಂದಿಟ್ಟು ‘ನೀನು ಇದಕ್ಕೆ ಹೊಂದುತ್ತೀಯಾ’ ಎಂದು ಕೇಳಬಹುದು.

ಕೇಳಿದಾಗ ಕಷ್ಟವೂ ಆಗುತ್ತದೆ. ಹೊಸ ಲ್ಯಾಪ್‌ಟಾಪುಗಳ ಬಹುತೇಕ ವೈಫೈ ಚಿಪ್ಪುಗಳು ಕಂಪನಿಗಳ ಮುಚ್ಚಿದ ಫರ್ಮ್‌ವೇರ್ ಇಲ್ಲದೆ ಏಳುವುದಿಲ್ಲ. 2022ರಲ್ಲಿ ಡೆಬಿಯನ್‌ನವರು ಮತ ಹಾಕಿ, ಆ ಫರ್ಮ್‌ವೇರನ್ನು ತಮ್ಮ ಅಧಿಕೃತ ಇನ್‌ಸ್ಟಾಲರ್‌ಗೆ ಸೇರಿಸಲು ಒಪ್ಪಂದವನ್ನೇ ತಿದ್ದಿದರು. ಸ್ಟಾಲ್ಮನ್ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಮಾನ್ಯತೆ ಡೆಬಿಯನ್‌ಗೆ ಈ ತಿದ್ದುಪಡಿಗೆ ಮುಂಚೆಯೂ ಇರಲಿಲ್ಲ, ಈಗಲೂ ಇಲ್ಲ. ಹೆಸರಿನಲ್ಲಿ ಗ್ನು ಇಟ್ಟುಕೊಂಡವರಿಗೆ ಗ್ನುವಿನವರ ಒಪ್ಪಿಗೆಯಿಲ್ಲ! ಆದರೂ ಈ ತಿದ್ದುಪಡಿಯಲ್ಲಿ ನನಗೆ ಮೋಸ ಕಾಣುವುದಿಲ್ಲ. ಎಲ್ಲಿ ಬಗ್ಗಿದೆವು ಎಂಬುದನ್ನು ಅವರು ಬಚ್ಚಿಡದೆ, ಚರ್ಚೆ ಮಾಡಿ, ಮತ ಎಣಿಸಿ ಬರೆದರು. ಸದ್ದಿಲ್ಲದೆ ಅರ್ಥ ಬದಲಿಸುವವರೇ ಹೆಚ್ಚಿರುವ ಈ ವ್ಯಾಪಾರದಲ್ಲಿ ಅದು ಸಣ್ಣ ಮಾತಲ್ಲ.

ಮತ್ತೆ ಹೆಸರಿನ ಮಾತಿಗೆ ಬಂದರೆ, ಕರ್ನಾಟಕದ ಕಾಲೇಜುಗಳಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯವರು ಕಟ್ಟಿದ ಬಳಗಗಳನ್ನು ಹುಡುಗರು ‘ಗ್ಲಗ್’ ಎನ್ನುತ್ತಾರೆ. ಗ್ನು/ಲಿನಕ್ಸ್ ಬಳಕೆದಾರರ ಗುಂಪು ಎಂಬುದರ ಮೊದಲಕ್ಷರಗಳವು. ಅಲ್ಲಿ ಗ್ನು ತಾನಾಗಿಯೇ ಬಾಯಿಗೆ ಬಂದಿದೆ, ಯಾರೂ ತಿದ್ದಬೇಕಿಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ಡೆಬಿಯನ್ ಇದ್ದರೆ ಟರ್ಮಿನಲ್ ತೆರೆದು ‘ಯುನೇಮ್’ ಆದೇಶ ಕೊಟ್ಟು ನೋಡಿ. ಕರ್ನಲ್‌ನ ಹೆಸರು ಕೇಳಿದರೆ ಲಿನಕ್ಸ್ ಎನ್ನುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ಹೆಸರು ಕೇಳಿದರೆ ಗ್ನು/ಲಿನಕ್ಸ್ ಎನ್ನುತ್ತದೆ. ಆ ಆದೇಶವನ್ನು ಬರೆದವರು, ಹೇಳಬೇಕಾಗಿಲ್ಲ, ಗ್ನುವಿನವರು.